ಖೋ ಕೊಡದ ಕ್ಯಾಪ್ಟನ್‌ಗೆ

ಆಳಂದ, ೧೯೮೮

ಸುಂದರಾ,

ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಇದನ್ನೂ ಹೊಗಳಿಕೆಯೆಂದೇ ಓದಿಕೊಳ್ಳುವವಳು ನೀನು.

ಇವತ್ತು ನಮ್ಮ ಶಾಲೆಯ ಬಹುಮಾನ ವಿತರಣೆಗೆ ಅತಿಥಿಯಾಗಿ ಬಂದು, ಆಟಗಾರ್ತಿಗೆ ನಿಷ್ಠೆ ಬೇಕು, ವಿನಯ ಬೇಕು ಎಂದು ನೀನು ಹುಡುಗಿಯರಿಗೆ ಹೇಳಿದೆ. ಬಿ.ಎ. ಮುಗಿಸಿ ಇಲ್ಲೇ ಕನ್ನಡ ಕಲಿಸಲು ಸೇರಿರುವ ನಾನು ಕೊನೆಯ ಸಾಲಿನಲ್ಲಿದ್ದೆ.

ನಾವು ಇದೇ ಶಾಲೆಯಲ್ಲಿ ಓದುವಾಗ ಆಡಿದ ಜೇವರ್ಗಿಯ ಖೋಖೋ ಫೈನಲ್ ನೆನಪಿದೆಯೇ? ಎದುರಾಳಿ ಸಾಲಿನಲ್ಲಿ ಕೂತಿದ್ದ ನನ್ನ ಮುಂದೆಯೇ ಓಡುತ್ತಿದ್ದಳು. "ಖೋ ಕೊಡು ಬೇ!" ಎಂದು ನಮ್ಮ ಆಟದ ಮಾಸ್ತರು ಅಣ್ಣಾರಾಯರು ನಿನಗೆ ಕೂಗುತ್ತಿದ್ದರು. ನನ್ನ ಬೆನ್ನ ಹಿಂದೆ ಬಂದರೂ ನೀನು ಮುಟ್ಟಿ ಖೋ ಅನ್ನಲಿಲ್ಲ. ಅವಳನ್ನು ನೀನೇ ಔಟ್ ಮಾಡಬೇಕೆಂಬ ಹಟ ನಿನಗೆ. ಸೋತ ಮೇಲೆ ನನ್ನತ್ತ ಕೈ ತೋರಿಸಿ, "ಈಕಿ ಭಾಳ ಮೆತ್ತಗ ಅದಾಳ್ರಿ ಸರ್, ಎದ್ದಾಳೋ ಇಲ್ಲೋ ಅಂತ ಕೊಡಲಿಲ್ಲ" ಎಂದೆ. ಎರಡು ವರ್ಷ ದಿನಾ ನಿನಗಿಂತ ಮೊದಲು ಮೈದಾನಕ್ಕೆ ಬಂದು ಸುಣ್ಣದ ಗೆರೆ ಹಾಕುತ್ತಿದ್ದವಳು ನಾನು.

ಇವತ್ತು ಭಾಷಣದ ಕೊನೆಗೆ, "ನಮ್ಮ ಟೀಮಿನಾಕಿ ಯಾರರ ಇದ್ರ ಎದ್ದು ನಿಂದರ್ರಿ" ಎಂದೆ. ನಿನ್ನ ಕಣ್ಣು ನನ್ನ ಮುಖ ದಾಟಿ ಹೋಯಿತು. ಹೆಸರು ಹಿಡಿದು ಕರೆದಿದ್ದರೆ ಬಹುಶಃ ಎದ್ದೇಬಿಡುತ್ತಿದ್ದೆ.

ಖೋ ಸಿಗದೆ ಏಳಬಾರದೆಂಬ ನಿಯಮವನ್ನು ನಾನಿನ್ನೂ ಮುರಿದಿಲ್ಲ.