ಹಿಂದಿನ ಸೀಟಿನಲ್ಲಿ ಮೈಲಾರಿ ಕಾಕಾ

ಛತ್ರಪತಿ ಸಂಭಾಜಿನಗರ
14 ನವೆಂಬರ್ 2025

ಅಪ್ಪಾಜಿ,

ನಿಮ್ಮ ಭಾಗ್ಯಶ್ರೀಯ ಶರಣು. ದೀಪಾವಳಿ ಮುಗಿಸಿ ನೀವು ನಾಸಿಕ್‌ನ ಬ್ಯಾಂಕಿಗೆ ಮರಳಿದ ವಾರವೇ ಬರೆಯುತ್ತೇನೆ ಎಂದಿದ್ದೆ. ತಡವಾಯಿತು, ಕ್ಷಮಿಸಿ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನನ್ನ ಮೊದಲ ವಾಕ್ಯಕ್ಕೇ ನೀವು "ಊಟ ಆತೇನವ್ವ?" ಎನ್ನುತ್ತೀರಿ, ಕ್ರಾಂತಿ ಅಲ್ಲಿಗೇ ಮುಗಿಯುತ್ತದೆ.

ತಡಕ್ಕೆ ಕಾರಣ ನಮ್ಮ ಸೈಕಲ್ ರಿಕ್ಷಾ ಉಳಿಸಿ ಸಮಿತಿ. ಮೂವರಿದ್ದೇವೆ: ನಾನು, ಕಾಲೇಜಿನ ಅತುಲ್, ಮತ್ತು ಅಧ್ಯಕ್ಷರು. ಅಧ್ಯಕ್ಷರ ಹೆಸರು ಓದಿ ಪತ್ರ ಮಡಿಚಬೇಡಿ. ಮೈಲಾರಿ ಕಾಕಾ. ಹೌದು, ನಾಲ್ಕು ವರ್ಷ ನನ್ನನ್ನು ಶಾಲೆಗೆ ಒಯ್ದು, ದಿನಾ ನಮ್ಮ ಮನೆಯ ಗೇಟಿನ ಬಳಿ ನಿಮ್ಮೊಡನೆ ಬೀದರಿನ ಸುದ್ದಿ ಹರಟಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ ಬರುವುದನ್ನೇ ಬಿಟ್ಟ ಅದೇ ಕಾಕಾ. "ನಮ್ಮೂರ ಕಡಿಯಾಂವ, ಒಂದ್ ಮಾತ್ ಹೇಳಿ ಹೋಗ್ಲಿಲ್ಲ" ಎಂದು ನೀವು ಇವತ್ತಿಗೂ ಮುನಿಸಿಕೊಂಡಿದ್ದೀರಿ.

ಈಗ ನಮ್ಮ ಭಾಗದಲ್ಲಿ ಉಳಿದಿರುವುದು ಅವರ ರಿಕ್ಷಾ ಒಂದೇ. ಕರಪತ್ರದಲ್ಲಿ 'ಬೆವರಿನ ಕೊನೆಯ ಚಕ್ರ' ಎಂದು ಬರೆದು ಅವರಿಗೆ ಓದಿ ಹೇಳಿದೆ. "ಚಕ್ರ ಮೂರು ಅದಾವಲ್ಲವ್ವ?" ಎಂದರು.

ಕಳೆದ ಭಾನುವಾರ ಕ್ರಾಂತಿ ಚೌಕದಿಂದ ಮೆರವಣಿಗೆ. ಕಾಕಾ ತುಳಿಯುವುದು, ನಾನು ಹಿಂದೆ ನಿಂತು ಘೋಷಣೆ ಕೂಗುವುದು ಎಂದು ನಿರ್ಣಯ ಮಾಡಿದ್ದೆವು. ಅವರೋ ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತುಬಿಟ್ಟರು.

"ಉಳಸಾಕ ಬಂದಾಕಿ ನೀನು. ತುಳಿ, ನೋಡೂಣು."

ತುಳಿದೆ, ಅಪ್ಪಾಜಿ. ಹ್ಯಾಂಡಲ್ ತಾನಾಗಿ ಎಡಕ್ಕೆ ಎಳೆಯುತ್ತದೆ. ಕಣ್ಣಿಗೆ ಕಾಣದ ಏರು ತೊಡೆಗೆ ಕಾಣುತ್ತದೆ. "ಎಡಗಡಿ ಬ್ರೇಕ್ ನಂಬಬ್ಯಾಡ, ಅದು ಬರೇ ಶೋಕಿಗಿ ಐತಿ!" ಎಂದು ಹಿಂದಿನಿಂದ ಅಪ್ಪಣೆ. ಬ್ಯಾಟರಿ ರಿಕ್ಷಾದವನೊಬ್ಬ ಪಕ್ಕದಲ್ಲಿ ನಿಧಾನಿಸಿ, "ತಾಈ, ಧಕ್ಕಾ ದೇಊ ಕಾ?" ಎಂದು ತಳ್ಳಲು ಇಳಿದೇ ಬಿಟ್ಟ. ನಾವು ಯಾರ ವಿರುದ್ಧ ಹೊರಟಿದ್ದೆವೋ ಅವರೇ! ಅತುಲ್ ಘೋಷಣೆ ಮರೆತು ನಗುತ್ತಿದ್ದ. ಹನ್ನೆರಡು ನಿಮಿಷಕ್ಕೆ ಹೋರಾಟ ಚಹಾ ಅಂಗಡಿಯ ಮುಂದೆ ನಿಂತಿತು.

"ಮೂವತ್ತು ವರ್ಷ ತುಳದ ಮೊಣಕಾಲು ಇವು. ಮದ್ಲ ಇವನ್ನ ಉಳಸ್ರಿ," ಎಂದರು ಕಾಕಾ, ಬಶಿಗೆ ಚಹಾ ಸುರಿಯುತ್ತಾ. ಅವರು ರಿಕ್ಷಾ ಬಿಟ್ಟು, ನಿಫಾಡ್‌ನಲ್ಲಿರುವ ಮಗಳು ಹನುಮವ್ವನ ಮನೆಗೆ ಹೊರಟಿದ್ದಾರೆ. ಅವಳು ದುಡಿಯುವ ದ್ರಾಕ್ಷಿ ತೋಟದಲ್ಲೇ ಇವರಿಗೂ ಕೆಲಸವಂತೆ. "ಹಕ್ಕಿ ಓಡಸೂದು. ಕುಂತ ಜಾಗಾದಾಗ!" ಆ ಮುಖ ನೋಡಬೇಕಿತ್ತು ನೀವು. ಮಿಕ್ಕ ಕರಪತ್ರಗಳನ್ನು ಅವರ ಪಾತ್ರೆ ಸುತ್ತಲು ಕೊಟ್ಟೆ.

23ಕ್ಕೆ ಅವರನ್ನು ನಿಫಾಡ್‌ಗೆ ಬಿಡಲು ನಾನೂ ಹೋಗುತ್ತಿದ್ದೇನೆ. "ನಾಸಿಕ್ ಅಲ್ಲಿಂದ ಹತ್ರನ ಅಲ್ಲೇನು? ಬಂದ್ರ ಸಾಹೇಬ್ರು ಬಾಗಲಾ ತಗೀತಾರೇನವ್ವ?" ಎಂದು ಕೇಳಿದರು. ತೆಗೆಯುತ್ತಾರೆ ಎಂದೆ. ಆ ಸಂಜೆಯೇ ಕರೆತರುತ್ತೇನೆ. ನನ್ನ ಮಾತು ಉಳಿಸಿ.

ಅವ್ವ ಜೋಳದ ಹಿಟ್ಟು ಕಳಿಸುತ್ತಾಳೆ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ. ಕೆಳಗಿನದನ್ನು ಓದಿದ ಮೇಲೂ ಇರಲಿ.

ನಿಮ್ಮ ಮಗಳು,
ಭಾಗ್ಯಶ್ರೀ

ತಾ.ಕ.: ಇದು ಮರೆತದ್ದಲ್ಲ, ಬರೆಯಲು ಹೆದರಿದ್ದು. ಎಂಟನೆಯ ತರಗತಿಯಲ್ಲಿ ನನಗೆ ಮೊದಲ ಕರಪತ್ರ ಸಿಕ್ಕಿತು. ಮನುಷ್ಯನನ್ನು ಮನುಷ್ಯ ಎಳೆಯುವುದು ನಾಚಿಕೆಗೇಡು ಎಂದಿತ್ತು. ನಾನು ರಿಕ್ಷಾದಿಂದ ಇಳಿಯಬೇಕೆಂದು ನಿಶ್ಚಯಿಸಿದೆ. ನಿಮ್ಮನ್ನು ಕೇಳಿದರೆ ಬಿಡುತ್ತಿರಲಿಲ್ಲ. ಶಾಲೆಯಿಂದ ಮರಳಿದ ಮಧ್ಯಾಹ್ನ ಗೇಟಿನ ಬಳಿ ಕಾಕಾಗೆ ನಾನೇ ಹೇಳಿದೆ: "ನಾಳಿಯಿಂದ ಬರಬ್ಯಾಡ್ರಿ ಅಂತ ಅಪ್ಪಾಜಿ ಹೇಳ್ಯಾರ." ಅವರು ಹೂಂ ಎಂದು ಹೋದರು. ಭಾನುವಾರ ಆ ಚಹಾ ಅಂಗಡಿಯಲ್ಲಿ ಕೇಳಿದರು, "ನನ್ನಿಂದ ಏನ್ ತಪ್ಪಾಗಿತ್ತವ್ವ, ಸಾಹೇಬ್ರು ಹಂಗ ಅಂದ್ರು?" ನಾನು ನಿಜ ಹೇಳುವ ಬದಲು ಅವರಿಗೆ ಇನ್ನೊಂದು ಚಹಾ ತರಿಸಿದೆ. ನೀವು ಮೊದಲೇ ಅವರಿಗೆ ಫೋನ್ ಮಾಡಿ ಹೇಳಿಬಿಡಬೇಡಿ. ಬಾಗಿಲು ತೆಗೆಯಿರಿ, ಸಾಕು. ಹೇಳಬೇಕಾದವಳು ನಾನು.