ವಾರ್ತೆ ಆಯ್ತಾ?

೧೨-೯-೬೨, ಬುಧವಾರ

ಆಫೀಸಿನಿಂದ ಬಂದೆ. ಕಾಲು ತೊಳೆದೆ, ಕಾಫಿ ಕುಡಿದೆ, ಕೊಡೆ ತೆಗೆದುಕೊಂಡೆ. “ವಾರ್ತೆ ಕೇಳ್ಕೊಂಡ್ ಬರ್ತೀನಿ.” ವಸಂತ ಒಳಗಿನಿಂದಲೇ “ಹೂಂ” ಅಂದಳು. ಎಷ್ಟೋ ವರ್ಷದಿಂದ ಇದೇ ಮಾತು, ಇದೇ ಹೂಂ. ಸರಸ್ವತಿಪುರದ ನಮ್ಮ ಬೀದಿಯಲ್ಲಿ ನನಗೆ ‘ವಾರ್ತೆ ಚೆಲುವರಾಜು’ ಅಂತಲೇ ಹೆಸರು. ಮನುಷ್ಯನಿಗೆ ದೇಶದ ಮೇಲೆ ಎಷ್ಟು ಅಭಿಮಾನ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಪಾರ್ಕಿನ ಮಧ್ಯೆ ಒಂದು ಕಂಬ, ಅದರ ಮೇಲೆ ಮುನಿಸಿಪಾಲಿಟಿಯ ರೇಡಿಯೋ. ವಾರ್ತೆ ಮುಗಿದರೆ ಸಂಸಾರಸ್ಥರೆಲ್ಲ ಧೂಳು ಕೊಡವಿಕೊಂಡು ಏಳುತ್ತಾರೆ. ನಾವು ಕೆಲವರು ಏಳುವುದಿಲ್ಲ. ಹೆಣ್ಣಿನ ಕಡೆ ಮನಸ್ಸು ಹೋಗದ ಗಂಡಸರು. ವಾರ್ತೆ ಮುಗಿದು ಹಾಡು ಬರುತ್ತಿರುವಾಗಲೂ ಯಾರಾದರೂ ಪಕ್ಕದಲ್ಲಿ ಕೂತು “ವಾರ್ತೆ ಆಯ್ತಾ?” ಅಂತ ಕೇಳಿದರೆ ಅವನು ನಮ್ಮವನು. ಬೇರೆಯವರ ಕಿವಿಗೆ ಅದು ಪೆದ್ದು ಪ್ರಶ್ನೆ, ಅಷ್ಟೆ.

ಗುರುಮಲ್ಲಪ್ಪ ನನ್ನನ್ನು ಹಾಗೆಯೇ ಕೇಳಿದ್ದು. ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಕೈಗೆ ಯಾವಾಗಲೂ ಹೊಸ ಬಟ್ಟೆಯ ಗಂಜಿ ವಾಸನೆ. ಇವತ್ತೂ ಇದ್ದ. ಬೆಂಚಿನ ಮೇಲೆ ನನ್ನ ಕೊಡೆ, ಕೊಡೆಯ ಕೆಳಗೆ ಇಬ್ಬರ ಕೈ. ಅಷ್ಟೇ. ಆ ಒಂದು ಗಂಟೆಯ ಮೇಲೆ ಉಳಿದ ಇಪ್ಪತ್ತಮೂರನ್ನು ತಳ್ಳುತ್ತಿದ್ದೇನೆ. ಬಂದು ಊಟ ಮಾಡಿದೆ. ಹುರುಳಿಕಟ್ಟಿನ ಸಾರು.

೧೯-೯-೬೨

ಮರಿಯಯ್ಯನವರು ಬಂದಿದ್ದರು. ಹಿಂದೆ ಅರಮನೆಯ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ನಮ್ಮಲ್ಲೆಲ್ಲ ಹಿರಿಯರು. ಮೊಣಕಾಲು ನೋವು, ಆದರೂ ಬರುತ್ತಾರೆ. ನಿಮ್ಮ ಕಾಲದಲ್ಲಿ ಎಲ್ಲಿ ಸೇರುತ್ತಿದ್ದಿರಿ ಅಂತ ಗುರುಮಲ್ಲಪ್ಪ ಕೆದಕಿದ.

“ಲಾಯದ್ ಹಿಂದೆ ಹುಲ್ಲಿನ್ ಮನೆ ಇತ್ತು ಕಣಪ್ಪ. ಕುದ್ರೆ ಕಮ್ಮಿ ಆದ್ವು, ಅದು ಓಯ್ತು. ಆಮೇಕೆ ಕೆರೆ ಏರಿ. ಅಲ್ಲಿ ಲೈಟ್ ಕಂಬ ನೆಟ್ಬುಟ್ರು. ಸ್ವಾತಂತ್ರ್ಯ ಬಂದ್ ವರ್ಷ ನಾಟಕದ್ ಕಂಪ್ನಿ ಟೆಂಟ್ ಹಿಂದ್ಗಡೆ ಕೂತ್ಕತಿದ್ವಿ. ಅಲ್ಲಿ ಹೆಣ್ಮಕ್ಕಳ ಇಸ್ಕೂಲ್ ಬಂತು. ಯಾರೂ ನಮ್ಮುನ್ನ ಓಡುಸ್ನಿಲ್ಲ. ಊರ್ಗೆ ಒಳ್ಳೇದಾದಾಗೆಲ್ಲ ನಾವ್ ಎದ್ ಹೋಗ್ಬೇಕು, ಅಷ್ಟೆಯ.”

“ಪೋಲೀಸ್ನೋರು?” ಅಂದೆ.

“ಲಾಠಿ ಏಟು ತಿಂದಿವ್ನಿ. ಅದು ವಾಸಿ ಆಯ್ತದೆ. ಜಾಗ ಹೋದ್ರೆ ಬರಾಕಿಲ್ಲ.”

ಗುರುಮಲ್ಲಪ್ಪ ನಕ್ಕ. ನನಗೆ ನಗು ಬರಲಿಲ್ಲ.

೨೮-೧೦-೬೨, ಭಾನುವಾರ

ಚೀನಾದವರು ಗಡಿ ದಾಟಿ ಬಂದಿದ್ದಾರೆ. ಪಾರ್ಕಿನಲ್ಲಿ ಕಾಲಿಡಲು ಜಾಗವಿಲ್ಲ. ಜಯಲಕ್ಷ್ಮಿಪುರದ ಕಡೆಯಿಂದಲೂ ಜನ. ನಮ್ಮ ಬೆಂಚಿನ ಮೇಲೆ ಒಂದು ಮನೆಯವರೆಲ್ಲ ಕೂತಿದ್ದರು, ಕೈಮಗುವಿನ ಸಮೇತ. ಗುರುಮಲ್ಲಪ್ಪ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಅಲ್ಲಿ ಸೈನಿಕರು ಹಿಮದಲ್ಲಿ ಸಾಯುತ್ತಿದ್ದಾರೆ. ನನಗೆ ಬೆಂಚಿನ ಚಿಂತೆ. ನಾಚಿಕೆಯಾಗಬೇಕು. ಆಗಿದೆ. ಆದರೂ ಬೆಂಚಿನ ಚಿಂತೆ ಹೋಗಿಲ್ಲ.

೨೪-೧೧-೬೨

ಯುದ್ಧ ನಿಂತಿತು. ಜನ ಕರಗಿದರು. ಬೆಂಚು ಸಿಕ್ಕಿತು. ಗುರುಮಲ್ಲಪ್ಪ ಇಳಿದುಹೋಗಿದ್ದಾನೆ. ಕೊಡೆ ಮಧ್ಯೆ ಇಟ್ಟುಕೊಂಡು ಕೂತೆವು. ಎಷ್ಟು ಸುಖ ಅನಿಸಿತು. ಮಂಜಿನಲ್ಲಿ ಕೂತು ಕೆಮ್ಮು ಹತ್ತಿದೆ. ವಸಂತ ಮೆಣಸಿನ ಕಷಾಯ ಕೊಟ್ಟು ಬೈದಳು. “ಈ ಚಳೀಲಿ ವಾರ್ತೆಗೋಸ್ಕರ ಹೋಗಿ ಕೂತ್ಕೋತೀರಲ್ಲ, ನಿಮ್ಗೇನ್ ಹುಚ್ಚೇನ್ರೀ?” ಹೌದು ಅಂದೆ.

೨೬-೩-೬೩, ಯುಗಾದಿ

ಬೇವು ಬೆಲ್ಲ ಆಯಿತು. ವಸಂತ ಕಣ್ಣು ಮುಚ್ಚಿಕೊಳ್ಳಿ ಅಂದಳು. ಮುಚ್ಚಿ ತೆಗೆದೆ. ಸ್ಟೂಲಿನ ಮೇಲೆ, ಅವಳೇ ಕಸೂತಿ ಹಾಕಿದ ಬಟ್ಟೆಯ ಕೆಳಗೆ — ರೇಡಿಯೋ.

ಬೀದಿಯ ಹೆಂಗಸರಿಗೆ ರವಿಕೆ ಹೊಲಿದು ಕೂಡಿಟ್ಟಿದ್ದಳಂತೆ. ರೇಡಿಯೋ ಲೈಸೆನ್ಸ್ ಕೂಡ ಪೋಸ್ಟಾಫೀಸಿಗೆ ಹೋಗಿ ತಾನೇ ಮಾಡಿಸಿದ್ದಾಳೆ. ಮಾಳಿಗೆಯ ಮೇಲೆ ಏರಿಯಲ್. “ಇನ್ನ ಚಳೀಲಿ ಹೋಗೋದು ಬೇಡ. ರಾಜನ್ ಥರ ಇಲ್ಲೇ ಕೂತ್ಕೊಂಡ್ ಕೇಳಿ.” ಅವಳ ಮುಖ ನೋಡಿದೆ. ಮದುವೆಯಾದಾಗಿನಿಂದ ಅಷ್ಟು ಖುಷಿ ಕಂಡಿರಲಿಲ್ಲ. ತುಂಬ ಚೆನ್ನಾಗಿದೆ ಅಂದೆ. ಬೇರೇನು ಅನ್ನಲಿ. ಅಳು ಬಂತು. ಸಂತೋಷಕ್ಕೆ ಅಂದುಕೊಂಡಳು.

ಮರಿಯಯ್ಯನವರು ಹೇಳಿದ್ದು ಇದೇ.

೩೦-೩-೬೩

ಸಂಜೆ. ಸ್ವಿಚ್ ಹಾಕುತ್ತಾಳೆ, ಪಕ್ಕದಲ್ಲಿ ಕಡಲೆಕಾಯಿ ಇಡುತ್ತಾಳೆ. ಕೂರುತ್ತೇನೆ. ವಾರ್ತೆಗಳು, ಓದುತ್ತಿರುವವರು... ಒಂದಕ್ಷರ ತಲೆಗೆ ಹೋಗುವುದಿಲ್ಲ. ಇಷ್ಟು ವರ್ಷದಲ್ಲಿ ವಾರ್ತೆಯನ್ನು ಪೂರ್ತಿ ಕೇಳಿದ್ದು ಇದೇ ಮೊದಲು. ಎಂಥ ಬೇಜಾರಿನ ಪದಾರ್ಥ.

“ಪಾರ್ಕಲ್ಲಿ ನಿಮ್ ಜೊತೆ ಕೂತ್ಕೋತಿದ್ರಲ್ಲ, ಬಟ್ಟೆ ಅಂಗ್ಡಿ ಗುರುಮಲ್ಲಪ್ಪೋರು. ಅವ್ರನ್ನೂ ಕರೀರಿ, ಇಲ್ಲೇ ಕೇಳ್ಲಿ,” ಅಂದಳು. ಬೇಡ ಅಂದೆ. ಜೋರಾಗಿಯೇ ಅಂದುಬಿಟ್ಟೆ. ಅವಳು ನನ್ನನ್ನೇ ನೋಡಿದಳು, ಆಮೇಲೆ ಸಿಪ್ಪೆ ಬಳಿದುಕೊಂಡು ಒಳಗೆ ಹೋದಳು.

೪-೪-೬೩

ಮನೆ. ರೇಡಿಯೋ. ಕಡಲೆಕಾಯಿ.

೧೫-೪-೬೩

ಟವೆಲ್ ಬೇಕು ಅಂತ ಅಂಗಡಿಗೆ ಹೋದೆ. ಧಣಿ ಗಲ್ಲಾದಲ್ಲಿದ್ದರು. ಗುರುಮಲ್ಲಪ್ಪ ಟವೆಲ್ ಬಿಡಿಸಿ ಬಿಡಿಸಿ ತೋರಿಸುತ್ತ, ಬಗ್ಗಿಕೊಂಡೇ ಮಾತಾಡಿದ.

“ರೇಡಿಯೋ ತಗಂಡ್ರಂತೆ, ಸ್ವಾಮಿ.”

“ನಾನಲ್ಲ. ಅವಳು.”

“ನಾನಂತೂ ದಿನಾ ಕೂತಿರ್ತೀನಿ. ಗುಂಡ್ಲುಪೇಟೆಲಿ ನಮ್ಮಣ್ಣ ಅಂಗ್ಡಿ ಇಟ್ಟವ್ನೆ, ಬಾ ಅಂತ ಜೀವ ತಿಂತವ್ನೆ. ನೀವ್ ಬರೋದಾದ್ರೆ ನಾನ್ ಹೋಗಲ್ಲ. ಬರ್ದಿದ್ರೆ ಒಂದ್ ಮಾತ್ ಹೇಳ್ಬುಡಿ. ಬೆಂಚ್ ಕಾಯ್ಕೊಂಡ್ ಕೂರಾಕೆ ನಾನೇನ್ ವಾಚ್‌ಮನ್ನಾ?”

ಧಣಿ ಈ ಕಡೆ ತಿರುಗಿದರು. ಈ ಟವೆಲ್ ಗಟ್ಟಿಯಾ, ಬಾಳಿಕೆ ಬರುತ್ತಾ ಅಂತ ಕೇಳಿದೆ. ಬರ್ತದೆ ಸ್ವಾಮಿ ಅಂದ. ಕಣ್ಣು ಕೆಂಪಾಗಿತ್ತು.

೨೨-೪-೬೩

ಹೋಗಲು ಏನು ಹೇಳಲಿ? ವಾಕಿಂಗ್ ಅನ್ನಬಹುದು. ನಾನೂ ಬರ್ತೀನಿ ಅನ್ನುತ್ತಾಳೆ. ಭಜನೆ ಅನ್ನಬಹುದು. ಅದಕ್ಕೂ ಬರುತ್ತಾಳೆ. ಆಫೀಸಿನಲ್ಲಿ ಕೆಲಸ ಅನ್ನಬಹುದು, ಎಷ್ಟು ದಿನ? ಆ ಒಂದು ಸುಳ್ಳು ಹಳೇ ಚಪ್ಪಲಿಯ ಹಾಗೆ ಕಾಲಿಗೆ ಹೊಂದಿಕೊಂಡಿತ್ತು. ಹೊಸದೊಂದು ಕಟ್ಟಲು ತ್ರಾಣವಿಲ್ಲ. ವಯಸ್ಸು ನಲವತ್ತಾರು. ಸಾಕಾಗಿದೆ.

ಅವನು ಹೋಗಿಬಿಟ್ಟರೆ? ಬರೆಯಲು ಕೈ ಏಳುವುದಿಲ್ಲ.

ಇವತ್ತೂ ಮುದ್ದೆ ಅರ್ಧ ಬಿಟ್ಟೆ. ಎಲ್ಲಿ ನೋವು ಅಂತ ವಸಂತ ಕೇಳಿದಳು. ಎಲ್ಲೂ ಇಲ್ಲ ಅಂದೆ. ಮಕ್ಕಳಾಗಲಿ ಅಂತ ಅವಳು ಹರಕೆ ಹೊರದ ದೇವರಿಲ್ಲ. ಎಲ್ಲ ಕಡೆಗೂ ಜೊತೆಗೆ ಹೋಗಿ ಕೈಮುಗಿದು ನಿಂತಿದ್ದೇನೆ. ಇವಳದೇನು ತಪ್ಪು?

೨೯-೪-೬೩, ಸೋಮವಾರ

ಆಫೀಸಿನಿಂದ ಬಂದಾಗ ವಸಂತ ಬಾಗಿಲಲ್ಲೇ ನಿಂತಿದ್ದಳು.

“ರೇಡಿಯೋ ಕೆಟ್ಟೋಯ್ತು ಕಣ್ರೀ. ಬರೀ ಗೊರಗೊರ ಅಂತದೆ. ಪಾರ್ಕಿಗೇ ಹೋಗಿ ಕೇಳ್ಕೊಂಡ್ ಬನ್ನಿ.” ನನ್ನ ಮುಖ ನೋಡದೆ ಹೇಳಿದಳು.

ಏನಾಗಿದೆಯೋ ಅಂತ ಹಿಂದೆ ಬಗ್ಗಿ ನೋಡಿದೆ. ಏರಿಯಲ್ ವೈರು ಕಿತ್ತುಬಂದಿತ್ತು. ತಾನಾಗಿ ಬಂದದ್ದಲ್ಲ. ಹೂ ಕಟ್ಟುವ ದಾರದ ಹಾಗೆ ಅಚ್ಚುಕಟ್ಟಾಗಿ ಸುತ್ತಿ ಮೊಳೆಗೆ ಸಿಕ್ಕಿಸಿತ್ತು. ಮತ್ತೆ ಚುಚ್ಚಿದ್ದರೆ ಆಗುತ್ತಿತ್ತು. ಚುಚ್ಚಲಿಲ್ಲ. ತಿರುಗಿದರೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಹೌದು, ಕೆಟ್ಟಿದೆ,” ಅಂದೆ.

ಹೋದೆ. ಓಡಿದೆ ಅನ್ನಬೇಕು. ಗುರುಮಲ್ಲಪ್ಪ ಇದ್ದ. ಗುರುವಾರದ ಬಸ್ಸಿಗೆ ಹೊರಡುವುದು ಅಂತ ಟ್ರಂಕು ಕಟ್ಟಿಟ್ಟಿದ್ದಾನಂತೆ.

“ಇನ್ಮೇಲೆ ಬರ್ತೀರಾ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂತಾದ್ರೂ ಅಂದ್ರಲ್ಲ. ಗುರುವಾರದ್‌ಗಂಟ ನೋಡ್ತೀನಿ,” ಅಂದ. ಕೈ ಹಿಡಿದುಕೊಂಡ, ಬಿಡಲೇ ಇಲ್ಲ.

ಮನೆಗೆ ಬಂದೆ. ವಸಂತ ಬಡಿಸಿದಳು. ತಾನೂ ತಟ್ಟೆ ಹಾಕಿಕೊಂಡು ಕೂತಳು, ತಿನ್ನಲಿಲ್ಲ. ಏನು ವಾರ್ತೆ ಅಂತ ಕೇಳಲಿಲ್ಲ.

“ಒಂದೇ ಒಂದ್ ಸುಳ್ ಹೇಳಿದ್ದಕ್ಕೆ ಸಂಜೆಯಿಂದ ಎದೆ ಹೊಡ್ಕೋತಾ ಅದೆ ಕಣ್ರೀ,” ಅಂದಳು. “ಅನ್ನ ಗಂಟ್ಲಲ್ಲಿ ಇಳೀತಿಲ್ಲ. ನೀವೆಂಗೆ ಇಷ್ಟ್ ವರ್ಷ ಹೇಳುದ್ರಿ?”

ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತ ಕೇಳಿದಳು. ಕೈ ತೊಳೆದು ಬಂದು ಅವಳ ಎದುರಿಗೆ ಕೂತೆ. “ವಸಂತ,” ಅಂದೆ, “ನಾನು ಪಾರ್ಕಿಗೆ ಹೋಗ್ತಿದ್ದದ್ದು ವಾರ್ತೆಗಲ್ಲ, ಗುರುಮಲ್ಲಪ್ಪನಿಗೋಸ್ಕರ.”