ಮುದುಕವ್ವನ ಮಾತೂ ಕೇಳಿ

ಟಿ. ದಾಸರಹಳ್ಳಿ
೨೦ ಜುಲೈ ೨೦೦೮

ಅವ್ವಾ,

ನಿನ್ನ ಪಾದ ಮುಟ್ಟಿ, ಆಮೇಲೆ ಕೆನ್ನೆಯನ್ನೂ ಸವರಿ ಬರೆಯುತ್ತಿದ್ದೇನೆ. ಫೋನಿನಲ್ಲಿ ನನ್ನ ದನಿ ಕೇಳಿ ಹೆದರಿದ್ದೆಯಲ್ಲ, ಈಗ ಎಲ್ಲ ಸರಿಹೋಗಿದೆ.

ನಮ್ಮ ವಠಾರದ ಓನರ್ ಕೃಷ್ಣಮ್ಮನವರ ಮೊಮ್ಮಗ ಲಿಖಿತ್‌ಗೆ ಹೋದ ವಾರ ವಾಂತಿಭೇದಿ ಹಿಡಿದು ಆಸ್ಪತ್ರೆಗೆ ಸೇರಿಸಿದರು. ಹಿಂದಿನ ದಿನ ಪಕ್ಕದ ಕೋಣೆಯ ಮುದುಕವ್ವ ಅವನನ್ನು ಎತ್ತಿ ಆಡಿಸಿದ್ದಳು. ನಮ್ಮ ಸಿಂದಗಿ ಕಡೆಯವಳು. ಗಂಡನಿಲ್ಲ, ಮಕ್ಕಳಿಲ್ಲ, ಗಾರ್ಮೆಂಟ್ಸ್‌ನಲ್ಲಿ ಕಸ ಗುಡಿಸುತ್ತಾಳೆ. ಕೃಷ್ಣಮ್ಮ ಅಂಗಳದಲ್ಲಿ ನಿಂತು, “ಆ ಮುಂಡೆ ಕಣ್ಣೇ ಬಿದ್ದಿರೋದು! ನಾಳೆ ಬೆಳಿಗ್ಗೆಗೆ ರೂಮ್ ಖಾಲಿ ಮಾಡ್ಲಿ” ಎಂದು ಕೂಗಿದರು. ಮುದುಕವ್ವ ಗಂಟು ಕಟ್ಟತೊಡಗಿದಳು.

ನಾನು ಅಂಚೆ ಮೂಲಕ ಬಿ.ಎ. ಓದುತ್ತಿದ್ದೇನಲ್ಲ, ಆ ವಾರ ಯುರೋಪಿನ ಜ್ಞಾನೋದಯ ಯುಗದ ಪಾಠವಿತ್ತು. ದೊರೆ ಹೇಳಿದ, ಗುರು ಹೇಳಿದ ಎಂದ ಮಾತ್ರಕ್ಕೆ ಯಾವುದೂ ನಿಜವಾಗದು, ಸ್ವಂತ ಬುದ್ಧಿಯಿಂದ ಯೋಚಿಸಿ; ಹುಟ್ಟಿನಿಂದ ಎಲ್ಲರೂ ಸಮ; ಆಳುವವರ ಕೈಯಲ್ಲೇ ತೀರ್ಪೂ ಇರಬಾರದು ಎಂದು ಅಲ್ಲಿ ಕೆಲವರು ಬರೆದರಂತೆ. ಬರೆದದ್ದಕ್ಕೆ ಜೈಲಿಗೂ ಹೋದರಂತೆ. ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ, ಅಷ್ಟೇ. ಮುದುಕವ್ವನ ಗಂಟು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ.

ನಮ್ಮನ್ನೂ ಓಡಿಸಿಯಾರು ಎಂದು ನಿನ್ನ ಅಳಿಯ ನನ್ನ ಕೈ ಹಿಡಿದೆಳೆದರು. ಬಿಡಿಸಿಕೊಂಡು ಹೇಳಿದೆ: “ಅಮ್ಮಾರೆ, ದೂರೂ ನಿಮ್ದ, ತೀರ್ಪೂ ನಿಮ್ದ ಆದ್ರ ಹ್ಯಾಂಗ್ರಿ? ಆಕಿ ಮಾತೂ ಕೇಳ್ರಿ.”

“ನಾಕಕ್ಷರ ಕಲ್ತಿದ್ದಕ್ಕೆ ನಂಗೇ ಪಾಠ ಹೇಳ್ತೀಯಾ?” ಅಂದರು ಕೃಷ್ಣಮ್ಮ.

“ಮ್ಯಾಲಿನ ಮನಿ ಕೂಸುಗಳಿಗೂ ವಾಂತಿ ಐತ್ರಿ. ಅವನ್ನ ಈಕಿ ಮುಟ್ಟೇ ಇಲ್ಲ. ಆದ್ರ ಎಲ್ಲಾರೂ ಕುಡಿಯೋದು ಒಂದ ಸಂಪಿನ ನೀರು.”

ಕೃಷ್ಣಮ್ಮ ಸಂಪಿನ ಹತ್ತಿರ ಹೋದರು. ಆಮೇಲೆ ತಾವೇ ನಿಂತು ಸಂಪಿನ ಮುಚ್ಚಳ ತೆಗೆಸಿದರು. ಮೋರಿಯ ವಾಸನೆ ಮುಖಕ್ಕೆ ಹೊಡೆಯಿತು. ಚರಂಡಿಯ ಪೈಪು ಒಡೆದು ಒಳಗೆ ಸೋರುತ್ತಿತ್ತು.

ಸಂಪು ತೊಳೆಸಿದ್ದಾಯಿತು, ಮಕ್ಕಳೆಲ್ಲ ಚೇತರಿಸಿಕೊಂಡರು. ನಿನ್ನೆ ಲಿಖಿತ್ ಮನೆಗೆ ಬಂದ. ಕೃಷ್ಣಮ್ಮ ಅವನನ್ನು ಮುದುಕವ್ವನ ಮಡಿಲಲ್ಲಿ ಕೂರಿಸಿ, “ಬಾಯಿಗ್ ಬಂದಂಗೆ ಅಂದ್ಬುಟ್ಟೆ ಕಣಜ್ಜಿ. ಮನ್ಸಲ್ಲಿ ಇಟ್ಕೋಬ್ಯಾಡ” ಎಂದರು. ಮುದುಕವ್ವ ಮಗುವಿನ ತಲೆಗೆ ಮುಖ ಒತ್ತಿ ಅತ್ತಳು. ನನ್ನ ಮೇಲೆ ಓನರ್‌ಗೆ ಇನ್ನೂ ಸ್ವಲ್ಪ ಬಿಗುಮಾನ. ಇರಲಿ, ಎದೆಯ ಮೇಲಿನ ಭಾರ ಇಳಿಯಿತು ಅವ್ವಾ.

ನಿನ್ನ ಮಗಳು,
ಭಾಗ್ಯಶ್ರೀ

ತಾ.ಕ.: ಫೋನಿನಲ್ಲಿ ಹೇಳಲು ನಾಚಿಕೆಯಾಯಿತು. ನನಗೀಗ ನಾಲ್ಕು ತಿಂಗಳು. ಅಪ್ಪ ಹೋದ ಮೇಲೆ ನೀನು ಯಾವ ಆರತಿಯ ಹತ್ತಿರವೂ ಬರದೆ ಬಾಗಿಲ ಹಿಂದೆ ನಿಲ್ಲುತ್ತೀಯ. ನನ್ನ ಕುಬಸಕ್ಕೆ (ಇಲ್ಲಿಯವರು ಸೀಮಂತ ಎನ್ನುತ್ತಾರೆ) ಹಾಗೆ ಮಾಡಬೇಡ. ಮೊದಲ ಬಳೆ ನೀನೇ ತೊಡಿಸಬೇಕು.